ಸೀಟಿಬಾಯಿಯ ನಲವತ್ತೊಂದನೇ ಸಂಚಿಕೆ

ಹಿರೇಕೆರೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಒಂದು ಕಬ್ಬಿಣದ ಟ್ರಂಕಿದೆ. ಅದರಲ್ಲಿ ಸ್ವೆಟರಿನ ಕೆಳಗೆ ನಲವತ್ತೊಂದು ಪುಸ್ತಕಗಳಿವೆ. ಅಂಗಡಿಯಲ್ಲಿ ಕೊಂಡವಲ್ಲ. ಒಂದೊಂದೂ ಹದಿನಾರು ಪುಟದ್ದು, ಅಕ್ಕಿ ಚೀಲ ಹೊಲಿಯುವ ದಾರದಿಂದ ಬೆನ್ನು ಹೊಲಿದದ್ದು. ಮೊದಲ ಮೂವತ್ತೊಂಬತ್ತನ್ನು ನಾನೂ ಅಕ್ಕನೂ ಸೇರಿ ಮಾಡಿದೆವು. ನಲವತ್ತನೆಯದನ್ನು ಅವಳೊಬ್ಬಳೇ ಮಾಡಿದಳು, ನಲವತ್ತೊಂದನೆಯದನ್ನು ನಾನೊಬ್ಬಳೇ. ಅದಾದ ಮೇಲೆ ಐದು ವರ್ಷ ಅಕ್ಕ ಪೆನ್ಸಿಲ್ ಮುಟ್ಟಲಿಲ್ಲ.

ಈ ಪುಸ್ತಕಗಳ ವಿಷಯ ನಾನು ಯಾರಿಗೂ ಹೇಳಿದವಳಲ್ಲ. ಕಾಲೇಜಿನಲ್ಲಿ ನನ್ನ ಜೊತೆ ಪಾಠ ಮಾಡುವವರಿಗೆ ನನಗೆ ಅಕ್ಕ ಇದ್ದಾಳೆ ಎಂಬುದೂ ಗೊತ್ತಿರಲಿಕ್ಕಿಲ್ಲ.

ನಾವು ಬೆಳೆದದ್ದು ಅಕ್ಕಿಆಲೂರಿನಲ್ಲಿ. ಅಪ್ಪ ಅಕ್ಕಿ ಮಿಲ್ಲಿನಲ್ಲಿ ಚೀಲ ಹೊಲಿಸುವ ಕೆಲಸ ನೋಡಿಕೊಳ್ಳುತ್ತಿದ್ದ. ಸಂತೆಯ ದಿನ ರದ್ದಿ ಮಾರುವವನೊಬ್ಬ ಮಿಲ್ಲಿನ ಗೋಡೆಗೆ ಹೊಂದಿ ಗೋಣಿತಟ್ಟು ಹಾಸಿ ಹಳೆಯ ಪುಸ್ತಕ ಹರಡುತ್ತಿದ್ದ. ಅದರಲ್ಲಿ ಕನ್ನಡಕ್ಕೆ ಅನುವಾದವಾಗಿ ಬರುತ್ತಿದ್ದ ಒಂದು ತಿಂಗಳ ಚಿತ್ರಕಥೆಯ ಸಂಚಿಕೆಗಳಿರುತ್ತಿದ್ದವು. ಹಗಲೆಲ್ಲ ಗಡಿಯಾರ ರಿಪೇರಿ ಮಾಡುವ, ಯಾರಿಗಾದರೂ ಆಪತ್ತು ಬಂದರೆ ಎರಡೂ ಕೈಯಿಂದ ಬೆಳಕು ಸುರಿಸುತ್ತ ಹಾರಿಬರುವ ನಾಯಕ. ಎಷ್ಟು ವರ್ಷದಿಂದ ಬರುತ್ತಿತ್ತೋ ಗೊತ್ತಿಲ್ಲ, ನಮ್ಮ ಕೈಗೆ ಸಿಗುವಾಗಲೇ ನೂರರ ಮೇಲಿನ ನಂಬರುಗಳು. ಅನುಕ್ರಮವಿಲ್ಲ. ಒಂದು ವಾರ ನೂರ ಎಂಬತ್ತು, ಮುಂದಿನ ವಾರ ನೂರ ಮೂವತ್ತು. ನಾವು ನಂಬರು ನೋಡಿ ಜೋಡಿಸಿಟ್ಟು, ನಡುವೆ ಬಿಟ್ಟುಹೋದದ್ದನ್ನು ಊಹಿಸಿಕೊಳ್ಳುತ್ತಿದ್ದೆವು.

ಒಂದು ಸಂಚಿಕೆಯಲ್ಲಿ ನಾಯಕ ತಡವಾಗಿ ಬರುತ್ತಾನೆ. ಅವನ ಅಣ್ಣ ಬೆಂಕಿಯಲ್ಲಿ ಸಾಯುತ್ತಾನೆ. ನನಗೆ ಎಂಟು ವರ್ಷ, ಅಕ್ಕನಿಗೆ ಹನ್ನೆರಡು. ನಾನು ಅತ್ತು ಮುಗಿಸಿ ಮುಂದಿನ ಸಂಚಿಕೆಗೆ ಹೋಗಿದ್ದೆ. ಅಕ್ಕ ಮಾತ್ರ ಏಳೆಂಟು ಸಂಚಿಕೆಗಳನ್ನು ನೆಲದ ಮೇಲೆ ಸಾಲಾಗಿ ತೆರೆದಿಟ್ಟು ಅವುಗಳ ನಡುವೆ ಮೊಣಕಾಲೂರಿ ಕುಳಿತಿದ್ದಳು.

"ಇಲ್ಲಿ ನೋಡ. ಈ ಮೂಲ್ಯಾಗ."

"ಏನೈತಿ? ಛತ್ರಿ."

"ಯಾರ ಛತ್ರಿ ಅದು?"

ಗಡಿಯಾರದ ಅಂಗಡಿಯ ಗೋಡೆಯ ಮೇಲೆ, ಒಂದು ಮೊಳೆಗೆ, ಸತ್ತ ಅಣ್ಣನ ಛತ್ರಿ ನೇತಾಡುತ್ತಿತ್ತು. ಕಥೆಯಲ್ಲಿ ಯಾರೂ ಅದರ ಮಾತೆತ್ತುವುದಿಲ್ಲ. ಆದರೆ ಪ್ರತಿ ಸಂಚಿಕೆಯಲ್ಲೂ ಅಂಗಡಿಯ ಚಿತ್ರ ಬಂದಾಗಲೆಲ್ಲ ಅದು ಅಲ್ಲಿರುತ್ತದೆ. ಛತ್ರಿಯ ಹಿಡಿಕೆಗೂ ಗೋಡೆಗೂ ನಡುವೆ ಜೇಡರ ಬಲೆಯ ಒಂದು ಎಳೆ. ಮುಂದಿನ ತಿಂಗಳು ಮೂರು ಎಳೆ. ವರ್ಷ ಕಳೆಯುವಷ್ಟರಲ್ಲಿ ಪೂರ್ತಿ ಬಲೆ.

"ಬರದಾಂವ ಮರತಾನ, ಚಿತ್ರ ತಗದಾಂವ ಮರತಿಲ್ಲ," ಎಂದಳು ಅಕ್ಕ.

ಒಂದು ದೀರ್ಘ ಕಥೆಯಲ್ಲಿ ಒಳ್ಳೆಯ ನಿರ್ಧಾರ ಎಂದರೆ ಏನು ಎಂದು ಮುಂದೆ ವಿಶ್ವವಿದ್ಯಾಲಯದಲ್ಲಿ ಬಹಳ ಓದಿದೆ. ಆ ಛತ್ರಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಎರಡು ವರ್ಷದ ಮೇಲೆ ಇನ್ನೊಂದು ಸಂಚಿಕೆ ಸಿಕ್ಕಿತು. ಮುಖಪುಟದಲ್ಲೇ ಅಣ್ಣ ನಿಂತಿದ್ದ, ನಗುತ್ತ. ಸತ್ತವನು ಅಣ್ಣನಲ್ಲ, ಅಣ್ಣನ ವೇಷದ ಬೇರೆ ಯಾರೋ ಅಂತೆ. ಕೊನೆಯ ಪುಟದಲ್ಲಿ ಅವನು ಗೋಡೆಯಿಂದ ಛತ್ರಿ ತೆಗೆದು, ಬಲೆ ಕೊಡವಿ, ಬಿಚ್ಚುತ್ತಾನೆ. ನನಗೆ ಖುಷಿಯೋ ಖುಷಿ. ಅಕ್ಕ ಪುಸ್ತಕವನ್ನು ಹಿತ್ತಲಿಗೆ ಒಗೆದಳು.

"ಯಾಕ ಅಕ್ಕಾ? ಬದುಕಿದನಲ್ಲ, ಛಲೋ ಆತಲ್ಲ?"

"ಹಂಗಾರ ಗಡಿಯಾರದಾಂವ ಅಷ್ಟು ದಿನ ಅತ್ತಿದ್ದು ಸುಳ್ಳಾ? ನಾ ಅತ್ತಿದ್ದು?"

ಅಪ್ಪ ಕಟ್ಟೆಯ ಮೇಲೆ ಕುಳಿತು ಬೆರಳಿಗೆ ಚುಚ್ಚಿದ ದಬ್ಬಣದ ಗಾಯಕ್ಕೆ ಅರಿಷಿಣ ಹಚ್ಚಿಕೊಳ್ಳುತ್ತಿದ್ದ. "ಏನವಾ ಜಗಳ?" ಎಂದು ಕೇಳಿದ. ಅಕ್ಕ ಹೇಳಿದಳು. ಅವನು ನಗಲಿಲ್ಲ.

"ಒಮ್ಮೆ ಹೊಲದ ಚೀಲ ಬಿಚ್ಚಬಾರದವಾ. ಬಿಚ್ಚಿ ಮತ್ತ ಹೊಲದ್ರ ಹಳೇ ತೂತು ಕಾಣತಾವು. ಯಾ ವ್ಯಾಪಾರಿನೂ ನಂಬೂದಿಲ್ಲ."

ನಾವು ನಮ್ಮದೇ ಪುಸ್ತಕ ಶುರು ಮಾಡಿದಾಗ ಇದೇ ನಮ್ಮ ಒಂದೇ ಒಂದು ಕಾಯಿದೆಯಾಯಿತು. ಹೊಲಿದದ್ದನ್ನು ಬಿಚ್ಚಬಾರದು. ಒಂದು ಸಂಚಿಕೆಗೆ ದಬ್ಬಣ ಹಾಕಿದ ಮೇಲೆ ಅದರಲ್ಲಿ ಆದದ್ದು ಆಯಿತು.

ನಮ್ಮ ನಾಯಕಿ ಹಾನಗಲ್-ಸವಣೂರು ಬಸ್ಸಿನ ಕಂಡಕ್ಟರ್. ಹೆಸರು ಸೀಟಿಬಾಯಿ. ಅವಳ ಕೊರಳಲ್ಲಿ ಒಂದು ಹಿತ್ತಾಳೆಯ ಸೀಟಿ. ಬಸ್ಸಿಗೆ ಒಂದು ಸೀಟಿ ಹೊಡೆದರೆ ನಿಲ್ಲಬೇಕು, ಎರಡು ಹೊಡೆದರೆ ಹೊರಡಬೇಕು. ಅವಳು ಒಂದು ಸೀಟಿ ಹೊಡೆದರೆ ಜಗತ್ತಿನಲ್ಲಿ ಚಲಿಸುವ ಯಾವುದಾದರೂ ನಿಲ್ಲುತ್ತಿತ್ತು: ಓಡುವ ಕಳ್ಳ, ಬೀಳುವ ಗೋಡೆ, ಹಾಯುವ ಎತ್ತು. ಕಥೆ ನಾನು ಹೇಳುವುದು, ಚಿತ್ರ ಅಕ್ಕ ತೆಗೆಯುವುದು. ನಾನು ಗೋಡೆಗೆ ಬೆನ್ನು ಹಚ್ಚಿ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಅವಳು ತಲೆ ಎತ್ತದೆ ಕೇಳುತ್ತಿದ್ದಳು: "ಮೂಗು ಹೆಂಗೈತಿ? ಕೂದಲಾ?" ನಾನು ಖಚಿತವಾಗಿ ಹೇಳಬೇಕು. "ಹಿಂಗ ಏನೋ ಒಂದು" ಎಂದರೆ ಪೆನ್ಸಿಲ್ ಕೆಳಗಿಡುತ್ತಿದ್ದಳು. ಎಲ್ಲವನ್ನೂ ಖಚಿತವಾಗಿ ಹೇಳುವ ನನ್ನ ರೂಢಿ ಅಲ್ಲಿಂದ ಬಂದದ್ದು.

ನಮ್ಮ ಕೆಟ್ಟ ನಿರ್ಧಾರಗಳೂ ಬೇಕಾದಷ್ಟಿದ್ದವು. ಆರನೇ ಸಂಚಿಕೆಯಲ್ಲಿ ಸೀಟಿಬಾಯಿಗೆ ಹಾರಾಡುವ ಜರಿಯ ಸೆರಗು ಕೊಟ್ಟೆ. ಆ ಸೆರಗು ಬಸ್ಸಿನೊಳಗೆ ಹಿಡಿಸಲೇ ಇಲ್ಲ, ಮೂರು ಸಂಚಿಕೆ ಬಾಗಿಲಿಗೆ ಸಿಕ್ಕಿಹಾಕಿಕೊಳ್ಳುತ್ತಲೇ ಹೋಯಿತು. ಶಿಗ್ಗಾಂವಿಯಿಂದ ಅವಳ ಜೋಡಿ ತಂಗಿಯೊಬ್ಬಳನ್ನು ಖಳನಾಯಕಿಯಾಗಿ ಕರೆಸಿದೆ. ಎರಡು ಮುಖ ಒಂದೇ ತರಹ ತೆಗೆದು ಅಕ್ಕನಿಗೆ ಸಾಕಾಯಿತು. "ನಿನ್ನ ಜೋಡಿ ತಂಗೀನ ಬಸ್ ಸ್ಟ್ಯಾಂಡಿನ್ಯಾಗ ಬಿಟ್ಟು ಬಾ, ಹುಚ್ಚಿ," ಎಂದಳು. ಬಿಟ್ಟೆವು. ಬಿಚ್ಚುವಂತಿಲ್ಲವಲ್ಲ, ಆ ತಂಗಿ ಈಗಲೂ ಶಿಗ್ಗಾಂವಿ ಬಸ್ ನಿಲ್ದಾಣದಲ್ಲೇ ಕುಳಿತಿದ್ದಾಳೆ.

ಒಳ್ಳೆಯ ನಿರ್ಧಾರ ಒಂದಿತ್ತು, ಅದು ಅಕ್ಕನದು. ಸೀಟಿಬಾಯಿ ತಡೆದದ್ದು ಅವಳ ಒಂದು ಉಸಿರು ಇರುವ ತನಕ ಮಾತ್ರ ತಡೆದಿರುತ್ತದೆ. ಉಸಿರು ಬಿಟ್ಟರೆ ಎಲ್ಲ ಮತ್ತೆ ಹೊರಡುತ್ತದೆ. "ಇಲ್ಲಾಂದ್ರ ಆಕಿ ಎಲ್ಲಾನೂ ನಿಂದರಿಸಿಬಿಡ್ತಾಳ. ಮತ್ತ ಅಂಜಿಕಿ ಎಲ್ಲೀದು?"

ನಾನು ಪಿಯುಸಿಯಲ್ಲಿದ್ದಾಗ ಅಕ್ಕನನ್ನು ಸವಣೂರು ತಾಲೂಕಿನ ಹತ್ತಿಮತ್ತೂರಿಗೆ ಕೊಟ್ಟರು. ಒಕ್ಕಲುತನದ ಮನೆ, ಒಳ್ಳೆಯ ಜನ. ಸಂಚಿಕೆ ನಿಲ್ಲಲಿಲ್ಲ. ಸವಣೂರಿನಿಂದ ನಮ್ಮ ಸಂತೆಗೆ ವೀಳ್ಯದೆಲೆ ತರುತ್ತಿದ್ದ ಒಬ್ಬ ಅಜ್ಜಿ ಇದ್ದಳು. ನಾನು ಬರೆದ ಕಥೆಯ ಹಾಳೆಗಳನ್ನು ಒಯ್ಯುವವಳೂ ಅವಳೇ, ಅಕ್ಕನ ಚಿತ್ರಗಳನ್ನು ತರುವವಳೂ ಅವಳೇ. ಎಲೆಯ ಬುಟ್ಟಿಯಲ್ಲಿ, ಒದ್ದೆ ಅರಿವೆಯ ಕೆಳಗೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ.

"ತಗೋಳವಾ ನಿಮ್ಮ ಅಕ್ಕನ ಪತ್ರ. ನನ್ನ ಗಂಡ ದುಡಿಲಿಕ್ಕೆ ಹೋದಾಗ ಒಂದು ಕಾರ್ಡೂ ಹಾಕಲಿಲ್ಲ. ನಿಮ್ಮದು ನೋಡಿದ್ರ ಪುರಾಣದಷ್ಟು ದಪ್ಪ."

ಆ ಸಂಚಿಕೆಗಳು ಇಂದಿಗೂ ಎಲೆಯ ವಾಸನೆ ಬಿಟ್ಟಿಲ್ಲ.

ಮದುವೆಯಾಗಿ ನಾಲ್ಕು ವರ್ಷಕ್ಕೆ ಅಕ್ಕ ಬಸುರಾದಳು. ಏಳರಲ್ಲಿ ಕುಬಸ ಮಾಡಿ ತವರಿಗೆ ಕರೆತಂದರು. ಅವ್ವ ತನ್ನ ಹಳೆಯ ಇಳಕಲ್ ಸೀರೆಯನ್ನು ಕತ್ತರಿಸಿ ಕೂಸಿಗೆ ಒಂದು ಚಿಕ್ಕ ಕೌದಿ ಹೊಲಿದಳು. ಒಂದು ಮೂಲೆಗೆ ಅರಿವೆ ಸಾಲದೆ ಅಪ್ಪನ ಗೆರೆಗೆರೆ ಅಂಗಿಯ ತುಂಡು ಹಚ್ಚಿದಳು. "ಅಜ್ಜಂದೂ ಒಂದಿಷ್ಟು ಇರಲಿ," ಎಂದು ನಕ್ಕಳು. ನಾನು ಆಗ ಧಾರವಾಡದಲ್ಲಿ ಎಂ.ಎ. ಮೊದಲ ವರ್ಷ, ರಜೆಗೆ ಊರಿಗೆ ಬಂದಿದ್ದೆ.

ಎಂಟನೇ ತಿಂಗಳಲ್ಲಿ ಕೂಸು ಹೊಟ್ಟೆಯಲ್ಲೇ ತೀರಿಕೊಂಡಿತು. ಯಾರ ತಪ್ಪೂ ಇರಲಿಲ್ಲ ಎಂದು ದವಾಖಾನೆಯಲ್ಲಿ ಹೇಳಿದರು, ನನಗೂ ಹಾಗೇ ಅನ್ನಿಸುತ್ತದೆ. ಹೆಣ್ಣು ಕೂಸು. ಅಕ್ಕನಿಗೆ ತೋರಿಸಬಾರದು ಎಂದು ಹಿರಿಯರು ನಿರ್ಧರಿಸಿದರು. ನೋಡಿದರೆ ಮರೆಯಲಾಗುವುದಿಲ್ಲ ಎಂಬುದು ಅವರ ಮಾತು. ಕೌದಿ ತಂದುಕೊಡಲು ಅವ್ವ ನನಗೆ ಹೇಳಿದಳು. ಬಾಗಿಲ ಹೊರಗೆ, ಕಾರಿಡಾರಿನಲ್ಲಿ, ಕೂಸನ್ನು ಅದರಲ್ಲಿ ಸುತ್ತುವಾಗ ಕೌದಿಯ ಒಂದು ಚುಂಗನ್ನು ಹಿಡಿದವಳು ನಾನು. ಅಪ್ಪ ಮತ್ತು ಭಾವ ಒಯ್ದರು. ಹೆಸರಿಡಲಿಲ್ಲ. ಹೆಸರಿಡದ ಕೂಸಿಗೆ ಕರ್ಮ ಇಲ್ಲ, ತಿಥಿ ಇಲ್ಲ, ಮಾತೂ ಇಲ್ಲ.

ನೋಡಲು ಬಂದ ಹೆಂಗಸರು ಅಕ್ಕನ ಹತ್ತಿರ ಕುಳಿತು ಒಂದೇ ಮಾತು ಹೇಳಿ ಹೋದರು.

"ಕನಸು ಬಿದ್ದಿತ್ತು ಅಂತ ತಿಳ್ಕೊ ತಂಗಿ. ಆಗೇ ಇಲ್ಲ ಅಂತ ತಿಳ್ಕೊ."

ಅಕ್ಕ ಗೋಣು ಹಾಕಿದಳು. ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ರಜೆ ಮುಗಿಯಿತು, ಧಾರವಾಡಕ್ಕೆ ಹೋದೆ.

ನಾಲ್ಕು ತಿಂಗಳ ಮೇಲೆ ಅಪ್ಪನ ಕೈಯಲ್ಲಿ ಎಲೆ ಅಜ್ಜಿ ಒಂದು ಸಂಚಿಕೆ ಕೊಟ್ಟಳು, ಅಪ್ಪ ಅದನ್ನು ಧಾರವಾಡಕ್ಕೆ ಕಳಿಸಿದ. ನಲವತ್ತನೆಯದು. ನಾನು ಕಥೆ ಕಳಿಸಿರಲಿಲ್ಲ, ಅಕ್ಕನೇ ಬರೆದಿದ್ದಳು. ಹೊಲಿದೂ ಇದ್ದಳು.

ವರದಾ ನದಿಗೆ ನೆರೆ ಬಂದಿದೆ. ಸೇತುವೆಯ ಮೇಲೆ ಬಸ್ಸು ನಿಂತಿದೆ. ನೀರಿನಲ್ಲಿ ಒಂದು ಕೂಸು ತೇಲಿಹೋಗುತ್ತಿದೆ. ಸೀಟಿಬಾಯಿ ಒಂದು ಸೀಟಿ ಹೊಡೆಯುತ್ತಾಳೆ. ನೀರು ನಿಲ್ಲುವುದಿಲ್ಲ. ಮತ್ತೆ ಹೊಡೆಯುತ್ತಾಳೆ. ನಿಲ್ಲುವುದಿಲ್ಲ. ಆರು ಪುಟ ಬರೀ ನೀರು ಮತ್ತು ಅವಳ ಉಬ್ಬಿದ ಕೆನ್ನೆ. ಕೊನೆಯ ಪುಟದಲ್ಲಿ ಅವಳು ಮನೆಗೆ ಬಂದು ಸೀಟಿಯನ್ನು ಗೋಡೆಯ ಮೊಳೆಗೆ ಹಾಕುತ್ತಾಳೆ. ಸೀಟಿಗೂ ಗೋಡೆಗೂ ನಡುವೆ ಜೇಡರ ಬಲೆಯ ಒಂದು ಎಳೆ. ಮಾತಿಲ್ಲ.

ಆ ವಾರ ನಾನು ತರಗತಿಯಲ್ಲಿ ಒಂದು ಪ್ರಬಂಧ ಓದಬೇಕಿತ್ತು. ವಿಷಯ ನಾನೇ ಆರಿಸಿದ್ದು: ದಶಕಗಟ್ಟಲೆ ನಡೆಯುವ ಸಾಹಸ ಚಿತ್ರಕಥೆಗಳಲ್ಲಿ ಕಥೆಗಾರರ ನಿರ್ಧಾರಗಳು. ಗಡಿಯಾರದವನ ಎಲ್ಲ ಹಳೆಯ ಸಂಚಿಕೆಗಳನ್ನೂ ಯಾರೋ ಅಂತರ್ಜಾಲಕ್ಕೆ ಏರಿಸಿದ್ದರು. ಹಾಸ್ಟೆಲಿನಲ್ಲಿ ಮೊಬೈಲಿನ ಮೇಲೆ ಎಲ್ಲ ಓದಿ ಮುಗಿಸಿದ್ದೆ. ಬರೆಯುವವರು ಬದಲಾದಂತೆ ಅವನ ಮದುವೆ ಅಳಿಸಿಹೋದದ್ದು, ನಂಬರನ್ನು ಮತ್ತೆ ಒಂದರಿಂದ ಶುರು ಮಾಡಿದ್ದು, ಸತ್ತವರೆಲ್ಲ ಸರದಿಯಂತೆ ಎದ್ದುಬಂದದ್ದು. ನಾನು ಅದನ್ನೆಲ್ಲ ಸಮರ್ಥಿಸಿದೆ. ಮುಗಿಯಬಾರದ ಕಥೆಗೆ ಸಾವು ಭಾರವಾಗುತ್ತದೆ, ಓದುಗರನ್ನು ಹಿಡಿದಿಡುವುದು ಭರವಸೆ, ಆದ್ದರಿಂದ ಅಣ್ಣನನ್ನು ಬದುಕಿಸಿದ್ದೇ ಸರಿಯಾದ ನಿರ್ಧಾರ ಎಂದೆ. ಪ್ರಾಧ್ಯಾಪಕರು ಮೆಚ್ಚಿದರು. ಹಿತ್ತಲಿಗೆ ಬಿದ್ದ ಪುಸ್ತಕದ ನೆನಪು ನನಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಹದಿನಾಲ್ಕು ವರ್ಷದ ಹುಡುಗಿಯ ಹಟ ಅದು ಎಂದು ಬದಿಗಿಟ್ಟೆ.

ಅದೇ ಹುರುಪಿನಲ್ಲಿ ನಲವತ್ತೊಂದನ್ನು ಬರೆದೆ. ಅಕ್ಕ ಬೇಜಾರಿನಲ್ಲಿದ್ದಾಳೆ, ಕಥೆಯೂ ಬೇಜಾರಿಗೆ ಬಿದ್ದಿದೆ, ಎರಡನ್ನೂ ಎತ್ತಬೇಕು ಎಂದುಕೊಂಡೆ. ಚಿತ್ರಗಳನ್ನೂ ಕಡ್ಡಿ ಕಡ್ಡಿಯಾಗಿ ನಾನೇ ತೆಗೆದೆ. ಸೀಟಿಬಾಯಿ ನಿದ್ದೆಯಿಂದ ಏಳುತ್ತಾಳೆ. ನೆರೆ ಬಂದದ್ದು ಕನಸು. ನಿಜವಾದ ನದಿಗೆ ಹೋಗಿ ನೋಡಿದರೆ ಕೂಸು ದಂಡೆಯ ಗಿಡದ ಟೊಂಗೆಯ ಮೇಲೆ ಕುಳಿತು ನಗುತ್ತಿದೆ. ಅವಳು ಎರಡು ಸೀಟಿ ಹೊಡೆಯುತ್ತಾಳೆ, ಬಸ್ಸು ಹೊರಡುತ್ತದೆ. ಅಪ್ಪನಿಗೆ ಮುಟ್ಟಿಸಿ, ಎಲೆ ಅಜ್ಜಿಯ ಬುಟ್ಟಿಯಲ್ಲಿ ಕಳಿಸಿದೆ.

ಮುಂದಿನ ಸಂತೆಗೆ ಬುಟ್ಟಿಯಲ್ಲಿ ಅದೇ ಪುಸ್ತಕ ವಾಪಸು ಬಂತು. ಚೀಟಿ ಇರಲಿಲ್ಲ.

"ಅಕ್ಕ ಏನಂದ್ಲಂತ ಅಜ್ಜಿಗೆ?" ಎಂದು ಫೋನಿನಲ್ಲಿ ಅಪ್ಪನನ್ನು ಕೇಳಿದೆ.

"ಏನೂ ಅನ್ನಲಿಲ್ಲಂತ. ಚಾ ಕೊಟ್ಲಂತ."

ಆಮೇಲಿನ ವರ್ಷಗಳಲ್ಲಿ ಅಕ್ಕ ನನ್ನೊಡನೆ ಜಗಳವಾಡಲಿಲ್ಲ. ಪಂಚಮಿಗೆ ತವರಿಗೆ ಬಂದರೆ ನನಗೆ ಉಂಡಿ ಕಟ್ಟಿಕೊಡುತ್ತಿದ್ದಳು, ನನ್ನ ನೌಕರಿಯ ಬಗ್ಗೆ ಕೇಳುತ್ತಿದ್ದಳು. ಮಗನೂ ಹುಟ್ಟಿದ. ಫೋನು ಮಾಡಿದರೆ ಎತ್ತುತ್ತಿದ್ದಳು. ಆದರೆ ಮುಂದಿನ ಸಂಚಿಕೆಯ ಮಾತೆತ್ತಿದರೆ, "ಕೆಲಸ ಭಾಳ ಐತಿ," ಎಂದು ಇನ್ನೇನನ್ನೋ ಮಾತಾಡುತ್ತಿದ್ದಳು. ಸಂಸಾರ ಎಂದುಕೊಂಡೆ. ಹೆಚ್ಚು ಕೇಳುವುದು ನನ್ನ ಸ್ವಭಾವವಲ್ಲ. ನನ್ನ ಈ ಸ್ವಭಾವವನ್ನು ಜನ ಸಭ್ಯತೆ ಎನ್ನುತ್ತಾರೆ.

ಹೋದ ಮಾಗಿಯಲ್ಲಿ ಅಬಲೂರಿನಿಂದ ಬರುವ ಒಬ್ಬ ವಿದ್ಯಾರ್ಥಿನಿ ತನ್ನ ಅಜ್ಜಿ ಹೊಲಿದ ಕೌದಿಯೊಂದನ್ನು ಕಾಲೇಜಿನ ಪ್ರದರ್ಶನಕ್ಕೆ ತಂದಿದ್ದಳು. ಮಡಿಸುವಾಗ ಅದರ ಒಂದು ಚುಂಗು ಹಿಡಿಯಲು ನನಗೆ ಹೇಳಿದಳು. ಹಿಡಿದೆ. ಕೈಗೆ ಏನೋ ನೆನಪಾಯಿತು, ಏನೆಂದು ತಿಳಿಯಲಿಲ್ಲ. ಕೋಣೆಗೆ ಬಂದು ಟ್ರಂಕು ತೆರೆದು ನಲವತ್ತನೇ ಸಂಚಿಕೆ ತೆಗೆದೆ.

ನೀರಿನಲ್ಲಿ ತೇಲಿಹೋಗುವ ಕೂಸಿಗೆ ಅಕ್ಕ ಮುಖ ತೆಗೆದಿರಲಿಲ್ಲ. ಆರು ಪುಟದಲ್ಲೂ ಕಾಣುವುದು ಸುತ್ತಿದ ಅರಿವೆ ಮಾತ್ರ. ಸಣ್ಣ ಸಣ್ಣ ಚೌಕಗಳ ಕೌದಿ. ಒಂದು ಮೂಲೆಗೆ ಗೆರೆಗೆರೆ ತುಂಡು.

ಐದು ವರ್ಷದ ಹಿಂದೆ ಇದೇ ಪುಟ ನೋಡಿ ನೀರನ್ನು ಚೆನ್ನಾಗಿ ತೆಗೆದಿದ್ದಾಳೆ ಎಂದುಕೊಂಡಿದ್ದೆ. ಆ ಚುಂಗು ಹಿಡಿದವಳು ನಾನು. ಜಗತ್ತಿನಲ್ಲಿ ಆ ಸಂಚಿಕೆಯನ್ನು ಓದಬಲ್ಲವಳು ನಾನೊಬ್ಬಳೇ ಇದ್ದೆ, ಅದಕ್ಕೇ ಅವಳು ಅದನ್ನು ನನಗೆ ಕಳಿಸಿದ್ದಳು. ನಾನು ಎಲ್ಲ ಹೆಂಗಸರೂ ಹೇಳಿದ್ದನ್ನೇ ಹದಿನಾರು ಪುಟದಲ್ಲಿ, ಚಿತ್ರ ಸಮೇತ, ತಿರುಗಿ ಹೇಳಿದ್ದೆ.

ಆ ಶನಿವಾರ ಬಸ್ಸು ಬದಲಿಸುತ್ತ ಹತ್ತಿಮತ್ತೂರಿಗೆ ಹೋದೆ. ಅಕ್ಕ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಅತ್ತೆ ಹೊಲಕ್ಕೆ ಹೋಗಿದ್ದರು, ಮಗ ಒಳಗೆ ಮಲಗಿದ್ದ.

"ಏನ ಮೇಡಮ್ಮಾರು, ಹೇಳದ ಕೇಳದ? ಕಾಲೇಜಿನಿಂದ ಓಡಿಸಿದ್ರೇನ?"

ನಾನು ಚೀಲದಿಂದ ನಲವತ್ತೊಂದನ್ನು ತೆಗೆದು ಮೆಣಸಿನಕಾಯಿಯ ಪಕ್ಕದಲ್ಲಿಟ್ಟೆ. ಬ್ಲೇಡನ್ನೂ ಇಟ್ಟೆ.

"ಇದನ್ನ ಬಿಚ್ಚತೇನಿ ಅಕ್ಕಾ. ನಿನ್ನ ಮುಂದ ಬಿಚ್ಚಬೇಕು ಅಂತ ಬಂದೇನಿ."

ಅವಳು ಪುಸ್ತಕ ನೋಡಿದಳು. ಕೈ ಕೆಲಸ ಮಾಡುತ್ತಲೇ ಇತ್ತು.

"ಹೊಲದದ್ದು ಬಿಚ್ಚಬಾರದು."

"ತಪ್ಪಾಗೇತಿ. ನಂಗ ತಿಳೀಲಿಲ್ಲ. ಕೌದಿ ನೋಡೂದ ಬಿಟ್ಟು..."

"ತಿಳೀಲಿಲ್ಲ ಅಂತ ನಂಗ ಗೊತ್ತಾತು."

ಖಾರಕ್ಕೆ ನನಗೆ ಸೀನು ಬಂತು. ಅವಳು ಎದ್ದು ನೀರು ತಂದುಕೊಟ್ಟು ಮತ್ತೆ ಕುಳಿತಳು.

"ಸುಳ್ಳ್ಯಾಕ ಹೇಳಲಿ, ನೀ ಕಳಿಸಿದ್ದು ಓದಿ ಒಂದು ದಿನ ಖುಷಿ ಆಗಿತ್ತು. ಟೊಂಗಿ ಮ್ಯಾಲ ಕುಂತಾಳ ಅಂತ. ಪೂರ್ತಿ ಒಂದು ದಿನ. ದನಕ್ಕ ನೀರು ಕುಡಿಸುವಾಗ ಗಿಡದ ಮ್ಯಾಲೆ ನೋಡಿದ್ನಿ." ಒಂದು ತೊಟ್ಟು ಮುರಿದಳು. "ಮರುದಿನ ನಿನ್ನ ಮ್ಯಾಲ ಭಾಳ ಸಿಟ್ಟು ಬಂತು. ಎಲ್ಲಾರೂ ಒಂದ ಸಲ ಕಸಗೊಂಡಿದ್ರು. ನೀ ಎರಡನೇ ಸಲ ಕಸಗೊಂಡಿ."

ನಾನು ಬ್ಲೇಡನ್ನು ಎತ್ತಿ ಚೀಲಕ್ಕೆ ಹಾಕಿಕೊಂಡೆ.

"ನೀ ಕೂಸಿನ್ನ ನೋಡಿದ್ಯಲ್ಲ?" ಎಂದು ಅಕ್ಕ ಕೇಳಿದಳು. ತಲೆ ಎತ್ತಲಿಲ್ಲ.

"ಹೂಂ."

"ಯಾರೂ ಹೇಳವಲ್ಲರು. ಅವ್ವನ್ನ ಕೇಳಿದ್ರ ಅಳತಾಳ. ಇವರನ್ನ ಕೇಳಿದ್ರ ಎದ್ದು ಹೊಲಕ್ಕ ಹೋಗತಾರ. ನೀ ಆದ್ರೂ ಹೇಳತಿ ಅಂತ ನಲವತ್ತನೇದು ಕಳಿಸಿದ್ನಿ. ಮುಖ ಬಿಟ್ಟು ಕಳಿಸಿದ್ನಲ್ಲ."

ಅವಳು ಕೈ ತೊಳೆದು ಒಳಗೆ ಹೋದಳು. ಮಗನ ಪಾಟಿ ಚೀಲದಿಂದ ಒಂದು ಪೆನ್ಸಿಲ್, ಗೋಡೆಗೆ ನೇತುಹಾಕಿದ್ದ ಕ್ಯಾಲೆಂಡರಿನಿಂದ ಹೋದ ತಿಂಗಳ ಹಾಳೆ ತಂದಳು. ಬರೆಯದ ಮಗ್ಗಲನ್ನು ಮೇಲೆ ಮಾಡಿ ಮೊಣಕಾಲೂರಿ ಕುಳಿತಳು. ಮೆಣಸಿನಕಾಯಿಯ ಉರಿ ಇನ್ನೂ ಬೆರಳಲ್ಲಿ ಇದ್ದಿರಬೇಕು, ಪೆನ್ಸಿಲನ್ನು ತುದಿಯಲ್ಲಿ ಹಿಡಿದಿದ್ದಳು.

ನಾನು ಗೋಡೆಗೆ ಬೆನ್ನು ಹಚ್ಚಿ ಕಣ್ಣು ಮುಚ್ಚಿದೆ. ಎಲ್ಲವೂ ಇತ್ತು. ಐದು ವರ್ಷ ನಾನು ಯಾವುದನ್ನೂ ಮರೆತಿರಲಿಲ್ಲ, ಯಾರೂ ಕೇಳಿರಲಿಲ್ಲ ಅಷ್ಟೇ.

"ಕೂದಲಾ?"

"ಭಾಳ ಇತ್ತು. ಕರೀದು. ಹಣೀಗೆ ಹತ್ತಿಕೊಂಡಿತ್ತು, ಹಸೀ ಆಗಿ. ಎಡಕ್ಕ ಒಂದು ಸುಳಿ."

"ಕಿವಿ?"

"ನಿನ್ನಂಗ. ಮ್ಯಾಲಿನ ಮಡಿಕಿ ಸಣ್ಣದು."

ಪೆನ್ಸಿಲಿನ ಸಪ್ಪಳ ಕೇಳುತ್ತಿತ್ತು. ನಡುವೆ ಒಮ್ಮೆ ನಿಂತಿತು. ನಾನು ಕಣ್ಣು ತೆರೆಯಲಿಲ್ಲ. ಮತ್ತೆ ಶುರುವಾಯಿತು.

"ಮೂಗು ಹೆಂಗಿತ್ತು? ಹಿಂಗ ಏನೋ ಒಂದು ಅನಬ್ಯಾಡ."

ಹೇಳಿದೆ. ಹುಬ್ಬು ಹೇಳಿದೆ. ಗದ್ದದ ಗುಳಿ ಹೇಳಿದೆ. ಅವಳು ಅಳಿಸಿ ಅಳಿಸಿ ತೆಗೆಯುತ್ತಿದ್ದಳು. ಒಳಗೆ ಮಗ ಎದ್ದು ಕೂಗಿದ. ಅಕ್ಕ "ಬಂದ್ನ್ಯಪ್ಪಾ" ಎಂದಳು, ಏಳಲಿಲ್ಲ.

"ತುಟಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು.

"ತಡಿ. ಇವತ್ತ ಇಷ್ಟ ಸಾಕು. ತುಟಿ ನಾಳೆ ಹೇಳ."

ಸವಣೂರಿಗೆ ಹೋಗುವ ಬಸ್ಸು ಊರ ಅಗಸಿಯಲ್ಲಿ ಹಾರ್ನ್ ಮಾಡಿತು. ಅದರಲ್ಲೇ ವಾಪಸು ಹೋಗುವೆನೆಂದುಕೊಂಡು ಬಂದಿದ್ದೆ. ಕಂಡಕ್ಟರ್ ಎರಡು ಸೀಟಿ ಹೊಡೆದದ್ದು ಅಂಗಳಕ್ಕೆ ಕೇಳಿಸಿತು. ಅಕ್ಕ ಹಾಳೆಯನ್ನು ಮಡಿಸದೆ, ಗಾಳಿಗೆ ಹಾರದಂತೆ ಅದರ ಮೇಲೆ ನಲವತ್ತೊಂದನೇ ಸಂಚಿಕೆಯನ್ನು ಇಟ್ಟು, ಮಗನನ್ನು ಎತ್ತಿಕೊಳ್ಳಲು ಒಳಗೆ ಹೋದಳು. ನಾನು ಮೆಣಸಿನಕಾಯಿಯ ರಾಶಿಯ ಮುಂದೆ ಕುಳಿತು ಅವಳು ಬಿಟ್ಟಲ್ಲಿಂದ ತೊಟ್ಟು ಮುರಿಯತೊಡಗಿದೆ.